ಹೊಗೆಗೂ ಒಂದು ಸುಂಕ

ತೆರಿಗೆ ಎಂಬ ಮಾತು ಕಿವಿಗೆ ಬಿದ್ದೊಡನೆ ಹುಬ್ಬು ಗಂಟಿಕ್ಕುವುದು ಸಹಜ. ಅದರಲ್ಲಿಯೂ ಕಾರ್ಖಾನೆಯ ಹೊಗೆಯ ಮೇಲೆ ತೆರಿಗೆ ಎಂದರೆ, ಸರಕಿನ ಬೆಲೆ ಏರೀತು, ಕೆಲಸಗಾರರ ಅನ್ನಕ್ಕೆ ಕಲ್ಲು ಬಿದ್ದೀತು ಎಂಬ ಅಂಜಿಕೆ. ಈ ಅಂಜಿಕೆ ತೀರ ನಿರಾಧಾರವಾದುದಲ್ಲ. ಆದರೆ ತೆರಿಗೆಯನ್ನು ಹಾಕುವುದರಲ್ಲಿಯೂ ಒಂದು ಜಾಣತನವುಂಟು. ಸ್ವೀಡನ್ ದೇಶದ ಅನುಭವ ಇದಕ್ಕೆ ಒಳ್ಳೆಯ ನಿದರ್ಶನ.

ದೊಡ್ಡ ಬಾಯ್ಲರುಗಳಲ್ಲಿ ಜ್ವಾಲೆಯ ಕಾವು ಹೆಚ್ಚಿದಾಗ ಗಾಳಿಯಲ್ಲಿರುವ ಸಾರಜನಕವೂ ಆಮ್ಲಜನಕವೂ ಕೂಡಿಕೊಂಡು ಸಾರಜನಕದ ಆಕ್ಸೈಡುಗಳಾಗುತ್ತವೆ. ಇವು ಮಳೆಯೊಡನೆ ಆಮ್ಲವಾಗಿ ಇಳಿದು ಕೆರೆ, ಕಾಡುಗಳನ್ನು ಕೆಡಿಸುತ್ತವೆ. ಇದನ್ನು ತಡೆಯಲು ಸ್ವೀಡನ್ 1992ರಲ್ಲಿ, ಹೊರಬಿಟ್ಟ ಪ್ರತಿಯೊಂದು ಕಿಲೋಗ್ರಾಮ್ ಆಕ್ಸೈಡಿಗೆ 40 ಕ್ರೋನರ್ ಸುಂಕ ವಿಧಿಸಿತು. ಆದರೆ ವಸೂಲಾದ ಹಣವನ್ನು ಸರಕಾರ ಬೊಕ್ಕಸಕ್ಕೆ ಸೇರಿಸಲಿಲ್ಲ. ಆಡಳಿತದ ಅಲ್ಪ ವೆಚ್ಚವನ್ನು ಕಳೆದು, ಉಳಿದುದನ್ನು ಅದೇ ಕಾರ್ಖಾನೆಗಳಿಗೆ, ಅವು ಉತ್ಪಾದಿಸಿದ ಶಕ್ತಿಯ ಪ್ರಮಾಣಕ್ಕೆ ತಕ್ಕಂತೆ ಹಂಚಿತು.

ಇದರ ಮರ್ಮವನ್ನು ಒಂದು ಲೆಕ್ಕದಿಂದ ನೋಡೋಣ. ಸಮನಾಗಿ ಶಕ್ತಿ ಉತ್ಪಾದಿಸುವ ಎರಡು ಕಾರ್ಖಾನೆಗಳಿವೆಯೆನ್ನಿ. ಒಂದು 1,000 ಕಿಲೋಗ್ರಾಮ್, ಇನ್ನೊಂದು 3,000 ಕಿಲೋಗ್ರಾಮ್ ಆಕ್ಸೈಡು ಬಿಡುತ್ತದೆ. ಮೊದಲನೆಯದು 40,000, ಎರಡನೆಯದು 1,20,000 ಕ್ರೋನರ್ ತೆರಬೇಕು. ಒಟ್ಟು ಹಣ ಮರಳುವಾಗ ಇಬ್ಬರಿಗೂ 80,000 ದೊರೆಯುತ್ತದೆ. ಶುಚಿಯಾಗಿ ನಡೆಸಿದವನಿಗೆ 40,000 ಲಾಭ. ಅಲಕ್ಷ್ಯ ಮಾಡಿದವನಿಗೆ ಅಷ್ಟೇ ನಷ್ಟ. ಉದ್ಯಮದ ಒಟ್ಟು ಹಣ ಉದ್ಯಮದಲ್ಲಿಯೇ ಉಳಿಯಿತು.

ಫಲವೇನಾಯಿತು? ಇಂಥ ಆಕ್ಸೈಡುಗಳನ್ನು ತಗ್ಗಿಸುವ ಸಾಧನಗಳನ್ನು ಅಳವಡಿಸಿಕೊಂಡಿದ್ದ ಸ್ಥಾವರಗಳು 1992ರಲ್ಲಿ ನೂರಕ್ಕೆ 7. ಮರುವರ್ಷ ನೂರಕ್ಕೆ 62. ಮುಂದಿನ ಹದಿನೈದು ವರ್ಷಗಳಲ್ಲಿ ಪ್ರತಿ ಯೂನಿಟ್ ಶಕ್ತಿಗೆ ಹೊರಬೀಳುವ ಆಕ್ಸೈಡು ಸುಮಾರು ಅರ್ಧಕ್ಕೆ ಇಳಿಯಿತು. ಎಲ್ಲವೂ ಹೊಸ ಯಂತ್ರದ ಪ್ರಭಾವವಲ್ಲ. ಮೀಟರು ಇಲ್ಲದ ಮನೆಯಲ್ಲಿ ವ್ಯರ್ಥವಾಗಿ ಉರಿಯುವ ದೀಪವನ್ನು ಆರಿಸುವವರಾರು? ಚಿಮಣಿಗೆ ಅಳತೆಯ ಉಪಕರಣ ಬಂದ ಮೇಲೆ, ಬಾಯ್ಲರು ನಡೆಸುವವರು ಗಾಳಿಯನ್ನೂ ಕಾವನ್ನೂ ಹದಮಾಡುವುದನ್ನು ದಿನದಿನದ ಅನುಭವದಿಂದಲೇ ಕಲಿತರು. ಗಾಳಿ ತೀರ ಕಡಿಮೆಯಾದರೆ ವಿಷಕರವಾದ ಇಂಗಾಲದ ಮಾನಾಕ್ಸೈಡ್ ಹೆಚ್ಚುವುದರಿಂದ ಇದು ಸೂಕ್ಷ್ಮವಾದ ಕೆಲಸ.

ಹಾಗಾದರೆ ಇಂಥ ತೆರಿಗೆಯಿಂದ ಕಾರ್ಖಾನೆಯ ಉತ್ಪಾದಕತೆಯೂ ಹೆಚ್ಚುವುದೆ? ಸರಿಯಾದ ನಿಯಮಗಳು ಹೊಸ ಶೋಧಗಳಿಗೆ ದಾರಿಮಾಡಿ, ತಮ್ಮ ವೆಚ್ಚವನ್ನು ತಾವೇ ತೀರಿಸಬಲ್ಲವೆಂದು ಅಮೆರಿಕದ ಮೈಕೆಲ್ ಪೋರ್ಟರ್ 1991ರಲ್ಲಿ ವಾದಿಸಿದರು. ಅಷ್ಟು ಲಾಭವಿದ್ದರೆ ವ್ಯಾಪಾರಿ ತೆರಿಗೆಗಾಗಿ ಕಾಯುತ್ತಿದ್ದನೆ ಎಂಬುದು ವಿರೋಧಿಗಳ ಪ್ರಶ್ನೆ. ಎರಡರಲ್ಲಿಯೂ ಸತ್ಯಾಂಶವಿದೆ. ಹೊಸ ಶೋಧಕ್ಕೆ ತೆರಿಗೆ ಪ್ರೇರಣೆ ಕೊಡಬಲ್ಲದು. ಲಾಭದ ಭರವಸೆ ಕೊಡಲಾರದು.

ಅಳತೆಯ ಉಪಕರಣಕ್ಕೂ ಖರ್ಚುಂಟು. ಆದ್ದರಿಂದಲೇ ಸ್ವೀಡನ್ ಮೊದಲು ವರ್ಷಕ್ಕೆ 5 ಕೋಟಿ ಯೂನಿಟ್ ಶಕ್ತಿ ಉತ್ಪಾದಿಸುವ ಸ್ಥಾವರಗಳನ್ನು ಮಾತ್ರ ಆರಿಸಿ, 1997ರ ವೇಳೆಗೆ ಆ ಮಿತಿಯನ್ನು 2.5 ಕೋಟಿಗೆ ಇಳಿಸಿತು. ಚಿಕ್ಕವರ ಬೆನ್ನಿನ ಮೇಲೆ ದೊಡ್ಡವರ ಹೊರೆ ಬೀಳಲಿಲ್ಲ.

ತೆರಿಗೆ ಎಷ್ಟು ಎಂದು ಕೇಳುವುದು ನಮ್ಮ ವಾಡಿಕೆ. ಅದನ್ನು ಯಾವುದರ ಮೇಲೆ ಹಾಕಿದರು, ಹೇಗೆ ಅಳೆದರು, ಬಂದ ಹಣವನ್ನು ಏನು ಮಾಡಿದರು ಎಂಬ ಮೂರು ಪ್ರಶ್ನೆಗಳನ್ನೂ ಜೊತೆಗೆ ಕೇಳುವುದು ಮೇಲು.