ಒಂದಿಂಚಿನ ಅಂತರದಲ್ಲಿ ಸೂಪರ್‌ನೋವಾ

ಕ್ರಿ.ಶ. 1006ರ ಮೇ ತಿಂಗಳ ಆರಂಭದಲ್ಲಿ ದಕ್ಷಿಣದ ಆಕಾಶದಲ್ಲಿ ಶುಕ್ರನನ್ನೂ ಮಂಕಾಗಿಸುವಂಥ ಹೊಸ ನಕ್ಷತ್ರವೊಂದು ಮೂಡಿತು. ಚೀನಾ, ಜಪಾನ್, ಈಜಿಪ್ಟ್‌ಗಳಲ್ಲಿ ಅದನ್ನು ನೋಡಿ ಬರೆದಿಟ್ಟರು. ನಮ್ಮಲ್ಲಿ ಆಗ ರನ್ನನ ಆಶ್ರಯದಾತ ಚಾಲುಕ್ಯ ಸತ್ಯಾಶ್ರಯನ ಆಳ್ವಿಕೆ. ‘ಕವಿರಾಜಮಾರ್ಗ’ವು ಕನ್ನಡನಾಡಿನ ಬಡಗಣ ಎಲ್ಲೆ ಎಂದ ಗೋದಾವರಿಯ ದಡದ ಪೈಠಣದಿಂದ ನೋಡಿದರೆ, ಅದು ನದಿಯಾಚೆ ದಿಗಂತದಿಂದ ಮೂವತ್ತು ಡಿಗ್ರಿಗೂ ಮೇಲೇರುತ್ತಿತ್ತು.

ಅದು ಹುಟ್ಟಿದ ನಕ್ಷತ್ರವಲ್ಲ, ಸಿಡಿದ ನಕ್ಷತ್ರ; ಅದೇ ಸೂಪರ್‌ನೋವಾ. ಸುಮಾರು 7,000 ಜ್ಯೋತಿರ್ವರ್ಷ ದೂರದ ಆ ಸ್ಫೋಟದ ಅವಶೇಷ ಇಂದಿಗೂ ಸೆಕೆಂಡಿಗೆ ಸಾವಿರಾರು ಕಿ.ಮೀ. ವೇಗದಲ್ಲಿ ಹಿಗ್ಗುತ್ತ ಸುತ್ತಲ ತೆಳು ಅನಿಲಕ್ಕೆ ಅಪ್ಪಳಿಸುತ್ತಿದೆ. ಅದರ ಅಂಚಿನಲ್ಲಿ ಎಲೆಕ್ಟ್ರಾನ್‌ಗಳು ಅಪಾರ ಶಕ್ತಿಗೇರುತ್ತಿರುವುದನ್ನು ಜಪಾನಿನ ಆಸ್ಕಾ ಉಪಗ್ರಹದ ಎಕ್ಸ್-ಕಿರಣ ವೀಕ್ಷಣೆಗಳು 1995ರಲ್ಲಿ ತೋರಿಸಿದವು. ಸೋಜಿಗವೆಂದರೆ, ಅಲ್ಲಿನ ಪ್ಲಾಸ್ಮಾ, ಅಂದರೆ ವಿದ್ಯುದಾವೇಶ ಹೊತ್ತ ಕಣಗಳ ಅನಿಲ, ಎಷ್ಟು ವಿರಳವೆಂದರೆ ಕಣಕ್ಕೆ ಕಣ ತಾಕುವುದೇ ಅಪರೂಪ. ತಾಕದೆಯೇ ಆಘಾತದ ಅಲೆ ಏಳುವುದು ಹೇಗೆ?

ಉತ್ತರದ ಎಳೆ ಎರಿಕ್ ವೈಬೆಲ್ 1959ರಲ್ಲಿ ಲೆಕ್ಕ ಹಾಕಿ ತೋರಿಸಿದ ಅಸ್ಥಿರತೆಯಲ್ಲಿದೆ. ಎರಡು ಪ್ಲಾಸ್ಮಾ ಪ್ರವಾಹಗಳು ಎದುರುಬದುರಾಗಿ ಒಂದರೊಳಗೊಂದು ಹಾಯುವಾಗ ಅಲ್ಲಲ್ಲಿ ಚೂರು ಏರುಪೇರು ಇದ್ದೇ ಇರುತ್ತದೆ. ಒಂದೇ ದಿಕ್ಕಿನ ವಿದ್ಯುತ್ ಪ್ರವಾಹಗಳು ಪರಸ್ಪರ ಸೆಳೆದುಕೊಳ್ಳುವುದರಿಂದ ಅವು ಎಳೆಎಳೆಯಾಗಿ ಕೂಡುತ್ತವೆ. ಕೂಡಿದಷ್ಟೂ ಕಾಂತಕ್ಷೇತ್ರ ಬಲಿಯುತ್ತದೆ. ಬಲಿತ ಕ್ಷೇತ್ರ ಕಣಗಳ ದಾರಿ ತಿರುಗಿಸಿ ಅವನ್ನು ತಡೆಯುತ್ತದೆ. ಅಡ್ಡಗೋಡೆಯನ್ನು ಪ್ಲಾಸ್ಮಾ ತಾನೇ ಕಟ್ಟಿಕೊಳ್ಳುತ್ತದೆ!

ಇದನ್ನು ನೆಲದ ಮೇಲೆ ಪರೀಕ್ಷಿಸಲು ಅಮೆರಿಕದ ರೋಚೆಸ್ಟರ್‌ನ ಒಮೆಗಾ ಲೇಸರ್ ಕೇಂದ್ರದಲ್ಲಿ 8 ಮಿ.ಮೀ. ಅಂತರದಲ್ಲಿ ಎರಡು ಪ್ಲಾಸ್ಟಿಕ್ ಹಾಳೆಗಳನ್ನಿಟ್ಟು ಲೇಸರ್ ಹೊಡೆದರು. ಚಿಮ್ಮಿದ ಪ್ಲಾಸ್ಮಾಗಳು ನಡುವೆ ಸಂಧಿಸಿದಾಗ ಅವುಗಳ ಮೂಲಕ ಪ್ರೋಟಾನ್‌ಗಳನ್ನು ಹಾಯಿಸಿ ಚಿತ್ರ ತೆಗೆದರು. ವೈಬೆಲ್ ಹೇಳಿದ ಎಳೆಗಳು ಅದರಲ್ಲಿ ಮೂಡಿದ್ದವು. ಇದು ಪ್ರಕಟವಾದದ್ದು 2015ರಲ್ಲಿ. ಆದರೆ ಪೂರ್ತಿ ಆಘಾತದ ಅಲೆ ಏಳಲು ಆ ಶಕ್ತಿ ಸಾಲದಾಯಿತು. 2020ರಲ್ಲಿ ವರದಿಯಾದ, ಕ್ಯಾಲಿಫೋರ್ನಿಯಾದ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯ ಪ್ರಯೋಗದಲ್ಲಿ ಇಂಗಾಲದ ಎರಡು ಬಿಲ್ಲೆಗಳ ನಡುವೆ ಇದ್ದದ್ದು 25 ಮಿ.ಮೀ., ಅಂದರೆ ಬರೀ ಒಂದಿಂಚು. ಒಂದೊಂದು ಬಿಲ್ಲೆಗೂ 84 ಲೇಸರ್ ಕಿರಣಗಳು. ಅಲೆ ಎದ್ದಿತು, ಎಲೆಕ್ಟ್ರಾನ್‌ಗಳು ತಮ್ಮ ಉಷ್ಣಶಕ್ತಿಯ ನೂರು ಪಟ್ಟನ್ನೂ ಮೀರಿದವು.

ಒಂದಿಂಚು ಜ್ಯೋತಿರ್ವರ್ಷಗಳಿಗೆ ಸಮನಾಗುವುದೇ? ಗಾತ್ರದಲ್ಲಿ ಆಗದು, ಅನುಪಾತದಲ್ಲಿ ಆಗುತ್ತದೆ. ಒಂದು ಕಣ ಇನ್ನೊಂದಕ್ಕೆ ತಾಕುವ ಮುನ್ನ ಸಾಗುವ ಸರಾಸರಿ ದೂರ, ಒಟ್ಟು ವ್ಯವಸ್ಥೆಯ ಅಳತೆ, ಇವೆರಡರ ನಡುವಿನಂಥ ಅನುಪಾತಗಳು ಹೊಂದಿದರೆ ನಿಯಮವೂ ಹೊಂದುತ್ತದೆ. ಇಡೀ ಪ್ರಯೋಗದಲ್ಲಿ ನನಗೆ ಅತಿ ಸುಂದರವಾಗಿ ಕಾಣುವುದು ಈ ಮಾತೇ.

ಪ್ಲಾಸ್ಮಾಗಳನ್ನು ಎದುರುಬದುರಾಗಿಸಿ ನೋಡಲು ಯಾವಾಗಲೂ ದೈತ್ಯ ಲೇಸರೇ ಬೇಕೆಂದಿಲ್ಲ. ಗಾಂಧಿನಗರದ ಬಳಿಯ ಪ್ಲಾಸ್ಮಾ ಸಂಶೋಧನಾ ಸಂಸ್ಥೆಯಲ್ಲಿ ನಮ್ಮವರು ಲೇಸರ್‌ನಿಂದ ಅಲ್ಯೂಮಿನಿಯಂ, ಲಿಥಿಯಂ ಪ್ಲಾಸ್ಮಾಗಳನ್ನು ಎಬ್ಬಿಸಿ ಕೂಡಿಸಿ ನೋಡಿದ್ದಾರೆ. ಆದರೆ ಸೂಪರ್‌ನೋವಾದಲ್ಲಿನಂತಲ್ಲ, ಇಲ್ಲಿ ಕಣಗಳು ನಿಜಕ್ಕೂ ಪರಸ್ಪರ ತಾಕುತ್ತವೆ. ಎರಡು ಜ್ವಾಲೆಗಳು ಸಂಧಿಸುವಲ್ಲಿ ಹೊಳೆಯುವ ಮೂರನೆಯ ಪದರವೊಂದು ಹುಟ್ಟುತ್ತದೆ. ನ್ಯಾನೊಸೆಕೆಂಡು ಲೆಕ್ಕದಲ್ಲಿ ಕಣ್ಣು ತೆರೆದು ಮುಚ್ಚುವ ಕ್ಯಾಮೆರಾ ಅದನ್ನು ಹಿಡಿಯುತ್ತದೆ. ರೋಹಿತ ಅದರ ತಾಪ, ಸಾಂದ್ರತೆ ಹೇಳುತ್ತದೆ. ಅಂತರ ಹೆಚ್ಚಿಸಿದರೆ, ವೇಗ ತಗ್ಗಿಸಿದರೆ, ಕಾಂತಕ್ಷೇತ್ರ ಹೂಡಿದರೆ ಪದರದ ಸ್ವರೂಪವೇ ಬೇರೆ. ಆಗಸದ ಘರ್ಷಣೆಯಲ್ಲಿ ಹೀಗೆ ಒಂದೊಂದನ್ನೇ ಬದಲಿಸಿ ನೋಡುವ ಸ್ವಾತಂತ್ರ್ಯ ಯಾವ ದೂರದರ್ಶಕಕ್ಕೂ ಇಲ್ಲ.