ಮೊಬೈಲಿನ ಇ-ಮೇಲ್: ಪ್ರವೇಶ ಮತ್ತು ಅನುಮತಿ

ಹಂದನಕೆರೆ ಭಾಗದ ತೆಂಗು ಬೆಳೆಗಾರರು ಉಂಡೆ ಕೊಬ್ಬರಿಗಾಗಿ ಕಾಯಿಗಳನ್ನು ಅಟ್ಟದ ಮೇಲಿಟ್ಟು ತಿಂಗಳುಗಟ್ಟಲೆ ಕಾಯುತ್ತಾರೆ. ಅಟ್ಟದ ಬೀಗದ ಕೈಯನ್ನು ಸಿಕ್ಕಸಿಕ್ಕವರಿಗೆ ಕೊಡುವುದಿಲ್ಲ. ಇ-ಮೇಲ್ ಖಾತೆಗೂ ಇದೇ ಎಚ್ಚರಿಕೆ ಅಗತ್ಯ. ಹಲವು ಖಾತೆಗಳ ಪಾಸ್‌ವರ್ಡ್ ಬದಲಿಸುವ ಸೂಚನೆ ಇ-ಮೇಲಿಗೇ ಬರುವುದರಿಂದ, ಇದೊಂದು ಕೈತಪ್ಪಿದರೆ ಉಳಿದವೂ ಕೈತಪ್ಪಬಹುದು.

ಪ್ರವೇಶದ ವಿಧಾನಗಳು

1. ಆಪ್‌ನಲ್ಲಿಯೇ ಪಾಸ್‌ವರ್ಡ್ ಬರೆಯುವುದು: ಇದು ಬೀಗದ ಕೈಯನ್ನೇ ಕೊಟ್ಟಂತೆ. ಇತರ ಸಂಸ್ಥೆಗಳ ಆಪ್‌ಗಳು ಕೇವಲ ಹೆಸರು, ಪಾಸ್‌ವರ್ಡ್ ಪಡೆದು ಖಾತೆ ತೆರೆಯುವ ಕ್ರಮವನ್ನು ಗೂಗಲ್ 2022ರ ಮೇ 30ರಿಂದ ನಿಲ್ಲಿಸತೊಡಗಿತು.

2. ಗೂಗಲ್‌ನ ಪುಟದಲ್ಲೇ ಪ್ರವೇಶಿಸಿ ಒಪ್ಪಿಗೆ ನೀಡುವುದು: ಆಪ್‌ಗೆ ಪಾಸ್‌ವರ್ಡ್ ತಿಳಿಯುವುದಿಲ್ಲ, ಟೋಕನ್ ಎಂಬ ರಹದಾರಿ ಮಾತ್ರ ಸಿಗುತ್ತದೆ. ಬೇಡವಾದಾಗ ಅದನ್ನು ರದ್ದುಪಡಿಸಬಹುದು. ಇದೇ ಉತ್ತಮ ವಿಧಾನ.

3. ಆಪ್ ಪಾಸ್‌ವರ್ಡ್: ಹಳೆಯ ಆಪ್‌ಗಳಿಗೆಂದು ಗೂಗಲ್ ಕೊಡುವ 16 ಅಕ್ಷರಗಳ ಪ್ರತ್ಯೇಕ ಪಾಸ್‌ವರ್ಡ್. ಎರಡು ಹಂತದ ಪರಿಶೀಲನೆ ಅಳವಡಿಸಿಕೊಂಡವರಿಗೆ ಮಾತ್ರ ದೊರೆಯುತ್ತದೆ.

ಅನುಮತಿಗಳು

2015ರಲ್ಲಿ ಬಂದ ಆಂಡ್ರಾಯ್ಡ್ 6ರಿಂದ ಈಚೆಗೆ ಕ್ಯಾಮೆರಾ, ಸ್ಥಳ, ಸಂಪರ್ಕ ಪಟ್ಟಿಗಳಿಗೆ ಆಪ್‌ಗಳು ಬಳಕೆಯ ವೇಳೆ ಪ್ರತ್ಯೇಕವಾಗಿ ಅನುಮತಿ ಕೇಳುತ್ತವೆ. ಪತ್ರ ಓದಲು ಇವು ಯಾವುವೂ ಬೇಕಿಲ್ಲ. ತಿಪಟೂರಿನಲ್ಲಿ ಕೊಬ್ಬರಿ ಮಾರಿದ ಚೀಟಿಯ ಚಿತ್ರ ತೆಗೆದು ಕಳುಹಿಸುವಾಗ ಕ್ಯಾಮೆರಾಗೆ ‘ಬಳಸುವಾಗ ಮಾತ್ರ’ ಎಂದು ಒಪ್ಪಿದರೆ ಸಾಕು.

ಆಪ್ ಅಳಿಸಿದ ಮಾತ್ರಕ್ಕೆ ಖಾತೆಗೆ ಕೊಟ್ಟ ಒಪ್ಪಿಗೆ ರದ್ದಾಗುವುದಿಲ್ಲ. ಗೂಗಲ್ ಖಾತೆಯ ಭದ್ರತಾ ವಿಭಾಗದಲ್ಲಿ ಅದನ್ನು ಬೇರೆಯಾಗಿಯೇ ತೆಗೆಯಬೇಕು. ಹಳೆಯ ಮೊಬೈಲ್ ಮಾರುವ ಮುನ್ನ ಖಾತೆಯನ್ನು ಅದರಿಂದ ತಪ್ಪದೇ ತೆಗೆದುಹಾಕಬೇಕು.