‘ಗ್ಯಾಸ್’ ಎಂದ ಚೀಟಿಯ ಹಿಂದೆ ಅಡಗಿದ ಅರ್ಬುದ

ಐವತ್ತೈದು ದಾಟಿದ ಹೆಂಗಸು. ಎರಡು ತುತ್ತು ಉಂಡರೆ ಹೊಟ್ಟೆ ತುಂಬಿತು ಅನ್ನುತ್ತಾಳೆ. ಸೀರೆ ಉಟ್ಟರೆ ಸೊಂಟದ ಹತ್ತಿರ ಬಿಗಿ. ಆಸ್ಪತ್ರೆಗೆ ಹೋದರೆ ‘ಗ್ಯಾಸ್ ಕಣಮ್ಮ, ಖಾರ ಕಡಿಮೆ ಮಾಡು’ ಎಂಬ ಉಪದೇಶ, ಜೊತೆಗೆ ಹತ್ತು ಗುಳಿಗೆ. ಮುಂದಿನ ತಿಂಗಳು ಬೇರೆ ಡಾಕ್ಟರು, ಬೇರೆ ಬಣ್ಣದ ಗುಳಿಗೆ. ಆರು ತಿಂಗಳು ಕಳೆದು ಹೊಟ್ಟೆಯಲ್ಲಿ ನೀರು ತುಂಬಿದಾಗ ಸ್ಕ್ಯಾನಿಂಗ್. ಅಷ್ಟರಲ್ಲಿ ಅಂಡಾಶಯದ ಅರ್ಬುದ ಹೊಟ್ಟೆಯೆಲ್ಲ ಹರಡಿರುತ್ತದೆ.

ಇದು ಒಬ್ಬಾಕೆಯ ಕತೆಯಲ್ಲ. ಕ್ಯಾನ್ಸರ್ ವೈದ್ಯರ ಮುಂದೆ ಇಂಥ ಚೀಟಿಗಳ ಕಂತೆ ಹಿಡಿದು ನಿಲ್ಲುವವರು ಬಹಳ. 2022ರ ಅಂತಾರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ಆ ಒಂದೇ ವರ್ಷ 47 ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಈ ರೋಗ ಬಂತು. ಸುಮಾರು 33 ಸಾವಿರ ಮಂದಿ ಸತ್ತರು. ಅಮೆರಿಕದ ಲೆಕ್ಕ ನೋಡಿದರೆ, ರೋಗ ಅಂಡಾಶಯದೊಳಗೇ ಇದ್ದಾಗ ಪತ್ತೆಯಾದವರಲ್ಲಿ ಹತ್ತಕ್ಕೆ ಒಂಬತ್ತು ಮಂದಿ ಐದು ವರ್ಷ ದಾಟುತ್ತಾರೆ. ದೂರಕ್ಕೆ ಹರಡಿದ ಮೇಲೆ ಪತ್ತೆಯಾದರೆ ದಾಟುವವರು ಹತ್ತಕ್ಕೆ ಮೂವರು.

ಹಾಗಾದರೆ ಎಲ್ಲರಿಗೂ ಮೊದಲೇ ಪರೀಕ್ಷೆ ಮಾಡಿಬಿಡಬಾರದೇ? ಬ್ರಿಟನ್ನಿನಲ್ಲಿ ಅದನ್ನೂ ಮಾಡಿ ನೋಡಿದ್ದಾರೆ. 2001ರಿಂದ 2 ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಸೇರಿಸಿಕೊಂಡು ಕೆಲವರಿಗೆ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ, ಕೆಲವರಿಗೆ ಸ್ಕ್ಯಾನಿಂಗ್ ನಡೆಸಿದರು. 2021ರಲ್ಲಿ ಹೊರಬಿದ್ದ ಫಲಿತಾಂಶ: ಸಾವು ತಗ್ಗಲಿಲ್ಲ. ನಮ್ಮ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕಂಠದ ತಪಾಸಣೆಯ ಯೋಜನೆ ಉಂಟು, ಅಂಡಾಶಯಕ್ಕೆ ಇಲ್ಲ. ಉಳಿದ ಜರಡಿ ಒಂದೇ. ಅದು ಊರ ಡಾಕ್ಟರ ಕಿವಿ!

ಆ ಕಿವಿಗೆ ಬೀಳಬೇಕಾದ್ದು ನಾಲ್ಕೇ ಮಾತು. ಹೊಟ್ಟೆ ಉಬ್ಬರ, ಬೇಗ ಹೊಟ್ಟೆ ತುಂಬುವುದು ಇಲ್ಲವೇ ಹಸಿವಿಲ್ಲದಿರುವುದು, ಕಿಬ್ಬೊಟ್ಟೆ ನೋವು, ಪದೇ ಪದೇ ಒಂದಕ್ಕೆ ಅವಸರ. ಇವು ಯಾರಿಗೆ ಬರೋದಿಲ್ಲ ಅನ್ನಬಹುದು. ನಿಜ. ವ್ಯತ್ಯಾಸ ಇರೋದು ಲೆಕ್ಕದಲ್ಲಿ. ಹೊಸದಾಗಿ ಶುರುವಾಗಿ ತಿಂಗಳಲ್ಲಿ 12ಕ್ಕಿಂತ ಹೆಚ್ಚು ಸಲ ಕಾಡಿದರೆ, ಅದರಲ್ಲೂ 50 ದಾಟಿದವರಾದರೆ, ಸಿಎ-125 ಎಂಬ ರಕ್ತ ಪರೀಕ್ಷೆ ಮಾಡಿಸಿ; ಅಂಕಿ 35 ಮುಟ್ಟಿದರೆ ಸ್ಕ್ಯಾನಿಂಗ್ ಮಾಡಿಸಿ ಎಂದು ಇಂಗ್ಲೆಂಡಿನ ಸಾಮಾನ್ಯ ವೈದ್ಯರಿಗೆ 2011ರಲ್ಲೇ ಸೂಚನೆ ಹೋಗಿದೆ. ಹೊಟ್ಟೆ ಮುಟ್ಟಿ ನೋಡಿದಾಗ ಗಡ್ಡೆಯೋ ನೀರೋ ಕಂಡರೆ ಇದಕ್ಕೂ ಕಾಯದೆ ದೊಡ್ಡಾಸ್ಪತ್ರೆಗೆ ಕಳಿಸಬೇಕು. ತಾಯಿಗೋ ಅಕ್ಕತಂಗಿಗೋ ಸ್ತನದ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿತ್ತೇ ಎಂದೂ ಕೇಳಬೇಕು.

ರಕ್ತ ಪರೀಕ್ಷೆಯನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಹೊಟ್ಟೆಯ ಕ್ಷಯದಲ್ಲೂ ಅಂಕಿ ಏರುತ್ತದೆ. ಆರಂಭದ ಅರ್ಬುದದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಏರುವುದೇ ಇಲ್ಲ! ರಿಪೋರ್ಟ್ ಸರಿಯಿದ್ದೂ ತೊಂದರೆ ನಿಲ್ಲದಿದ್ದರೆ ‘ಮತ್ತೆ ಬಾರಮ್ಮ’ ಅನ್ನಲೇಬೇಕು.

ಡಾಕ್ಟರುಗಳನ್ನು ಬೈದು ಫಲವಿಲ್ಲ. ದಿನಕ್ಕೆ ಹತ್ತಾರು ಹೊಟ್ಟೆನೋವು ನೋಡುವವರಿಗೆ ಇಂಥ ರೋಗಿ ಎದುರಾಗುವುದು ಕೆಲವು ವರ್ಷಕ್ಕೊಮ್ಮೆ. ಕಲಿಸದಿದ್ದರೆ ನೆನಪಿಗೆ ಬರೋದಾದರೂ ಹೇಗೆ? ಅಮೆರಿಕದಲ್ಲಿ 2002ರಿಂದ ಈ ರೋಗದಿಂದ ಬದುಕುಳಿದ ಹೆಂಗಸರೇ ವೈದ್ಯಕೀಯ ವಿದ್ಯಾರ್ಥಿಗಳ ಮುಂದೆ ನಿಂತು ತಮಗಾದದ್ದನ್ನು ಹೇಳುವ ಪಾಠ ಶುರುವಾಗಿದೆ. ಪುಸ್ತಕದ ಸಾಲು ಮರೆತೀತು, ಕಣ್ಣೆದುರು ಕಂಡ ಮುಖ ಮರೆಯೋದಿಲ್ಲ.

ಇಲ್ಲೂ ಅದಕ್ಕೆ ಕಟ್ಟಡ ಬೇಕಿಲ್ಲ, ಯಂತ್ರ ಬೇಕಿಲ್ಲ. ತಾಲ್ಲೂಕು ವೈದ್ಯರ ಸಭೆಯಲ್ಲಿ ಅರ್ಧ ಗಂಟೆ, ಗೋಡೆಗೆ ಆ ನಾಲ್ಕು ಲಕ್ಷಣಗಳ ಪಟ್ಟಿ, ಆಶಾ ಕಾರ್ಯಕರ್ತೆಯರಿಗೂ ಅದೇ ಪಾಠ. ಗುಳಿಗೆ ಬರೆಯುವ ಮುನ್ನ ‘ಎಷ್ಟು ದಿನದಿಂದಮ್ಮ, ತಿಂಗಳಿಗೆ ಎಷ್ಟು ಸಲ?’ ಎಂದು ಕೇಳುವುದಕ್ಕೂ ಸರ್ಕಾರದ ಮಂಜೂರಾತಿ ಬೇಕೇ?